ವರ್ಷದಲ್ಲಿ ಮೂರನೇ ಸಲ ಉರಿಮೂತ್ರ. ಗುಪ್ತಾಂಗ ತೊಳೆಯೋ ಯಾವ ವಾಶ್ ಬಳಸಿದರೆ ನಿಲ್ಲುತ್ತೆ?

ಯಾವ ವಾಶೂ ಬೇಡ. ನೀವು ಗಲೀಜಾಗಿದ್ದೀರಿ ಅಂತ ಇದು ಬರುತ್ತಿಲ್ಲ. ನಾನೂ ಹಾಗೇ ಅಂದುಕೊಂಡು ದಿನಕ್ಕೆರಡು ಸಲ ಘಮಘಮ ಅನ್ನೋ ವಾಶ್ ಹಾಕಿ ತೊಳೆದವಳೇ. ಉರಿಯ ಜೊತೆ ತುರಿಕೆಯೂ ಶುರುವಾಯ್ತು, ಅಷ್ಟೇ.

ಆಗ ಬಳ್ಳಾರಿಯಲ್ಲಿ ಒಂದು ಜೀನ್ಸ್ ಹೊಲಿಯೋ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಷ್ಟೂ ಜನಕ್ಕೆ ಒಂದೇ ಟಾಯ್ಲೆಟ್, ಅದಕ್ಕೂ ಒಳಗೆ ಚಿಲಕ ಇಲ್ಲ, ಒಂದು ಕೈಲಿ ಬಾಗಿಲು ಹಿಡಿದುಕೊಂಡೇ ಕೂರಬೇಕು. ಹಾಗಾಗಿ ಬೆಳಿಗ್ಗೆ ಮನೆಯಲ್ಲಿ ಹೋದರೆ ಮತ್ತೆ ಸಂಜೆಯೇ. ನೀರು ಕುಡಿದರೆ ತಾನೇ ಹೋಗಬೇಕು? 40 ಡಿಗ್ರಿ ದಾಟಿದ ಬಿಸಿಲಲ್ಲಿ ಇಡೀ ದಿನಕ್ಕೆ ಅರ್ಧ ಬಾಟಲಿ! ಅತ್ತೆ "ಉಷ್ಣ ಆಗೈತೆ, ಬಾರ್ಲಿ ನೀರು ಕುಡಿ" ಅಂದರು. ಕುಡಿದೆ. ಉರಿ ತುಸು ಇಳಿಯಿತು, ಸುಳ್ಳು ಹೇಳಲ್ಲ. ಉರಿಗೆ ಕಾರಣವಾದ ಮೂತ್ರದ ಸೋಂಕು ಹೋಗಲಿಲ್ಲ.

ಮೊದಲೆರಡು ಸಲವೂ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಕೀಟಾಣು ಕೊಲ್ಲೋ ಆಂಟಿಬಯೋಟಿಕ್ ಗುಳಿಗೆ ತರೋದು, ಎರಡು ದಿನಕ್ಕೆ ಉರಿ ನಿಂತರೆ ಉಳಿದಿದ್ದನ್ನು ಫ್ರಿಜ್ ಮೇಲಿನ ಸ್ಟೀಲ್ ಡಬ್ಬಿಗೆ ಹಾಕೋದು. ಮೂರನೇ ಸಲ ಡಾಕ್ಟರ್ ಯೂರಿನ್ ಕಲ್ಚರ್ ಬರೆದುಕೊಟ್ಟರು. ಇಲ್ಲೇ ನಾನು ಎಡವಿದ್ದು. ಹಿಂದಿನ ರಾತ್ರಿ ಉರಿ ತಡೆಯೋಕಾಗದೆ ಡಬ್ಬಿಯಿಂದ ಒಂದು ಗುಳಿಗೆ ನುಂಗಿದೆ, ಬೆಳಿಗ್ಗೆ ಇನ್ನೊಂದು. ಲ್ಯಾಬ್‌ನ ಹುಡುಗಿ "ಏನಾದ್ರೂ ಗುಳಿಗೆ ತಗೊಂಡಿದ್ದೀರಾ ಅಕ್ಕಾ?" ಅಂತ ಕೇಳಿದಳು. ಬೈತಾಳೇನೋ ಅಂತ "ಇಲ್ಲಮ್ಮ" ಅಂದುಬಿಟ್ಟೆ. ಕಲ್ಚರ್ ಅಂದರೆ ಮೂತ್ರದಲ್ಲಿರೋ ಕೀಟಾಣುವನ್ನು ಬೆಳೆಸಿ, ಯಾವ ಔಷಧಿಗೆ ಅದು ಸಾಯುತ್ತೆ ಅಂತ ನೋಡೋದು. ಗುಳಿಗೆ ಆಗಲೇ ಮೂತ್ರಕ್ಕೆ ಇಳಿದಿದ್ದರೆ ಕೀಟಾಣು ಲ್ಯಾಬ್‌ನಲ್ಲಿ ಬೆಳೆಯದೇ ಹೋಗಬಹುದು, ದೇಹದೊಳಗೆ ಮಾತ್ರ ಅರೆಜೀವವಾಗಿ ಬಿದ್ದಿರಬಹುದು. ಎರಡು ದಿನ ಬಿಟ್ಟು ರಿಪೋರ್ಟ್ ಬಂತು: ನೋ ಗ್ರೋತ್, ಅಂದರೆ ಏನೂ ಬೆಳೆದಿಲ್ಲ. ಡಾಕ್ಟರ್ ಸೋಂಕಿಲ್ಲ ಅಂದುಕೊಂಡು ಉರಿ ಇಳಿಸೋ ಸಿರಪ್ ಕೊಟ್ಟು ಕಳಿಸಿದರು. ಅವರದೇನು ತಪ್ಪು? ಸುಳ್ಳು ಹೇಳಿದ್ದು ನಾನು. ಹತ್ತನೇ ದಿನ ಗಡಗಡ ಚಳಿಜ್ವರ, ಸೊಂಟದ ಬಲಗಡೆ ನೋವು, ವಾಂತಿ. ಕಿಡ್ನಿಗೆ ಏರಿತ್ತು. ನಾಲ್ಕು ದಿನ ಡ್ರಿಪ್.

ಆಸ್ಪತ್ರೆಯಲ್ಲಿ ಮಾಡಿಸಿದ ಕಲ್ಚರ್‌ನಲ್ಲಿ ಇ. ಕೋಲೈ ಅನ್ನೋ ಕೀಟಾಣು ಬಂತು. ಸಾಮಾನ್ಯವಾಗಿ ಇರೋದು ಇದೇ, ನಮ್ಮ ಕರುಳಲ್ಲೇ ವಾಸ ಮಾಡೋದು. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಹತ್ತಿಹೋಗೋಕೆ ಎಷ್ಟೊತ್ತು ಬೇಕು? ರಿಪೋರ್ಟ್‌ನಲ್ಲಿ ಒಂದೊಂದು ಔಷಧಿಯ ಮುಂದೆ ಎಸ್ ಅಥವಾ ಆರ್ ಅಂತ ಇತ್ತು. ಎಸ್ ಅಂದರೆ ಕೆಲಸ ಮಾಡುತ್ತೆ, ಆರ್ ಅಂದರೆ ಮಾಡಲ್ಲ. ಆ ಹಾಳೆ ಮೊದಲೇ ಕೈಲಿದ್ದಿದ್ದರೆ ಆಸ್ಪತ್ರೆ ಮೆಟ್ಟಿಲು ಹತ್ತುತ್ತಿರಲಿಲ್ಲ ಅನಿಸುತ್ತೆ.

ಆರು ತಿಂಗಳಲ್ಲಿ ಎರಡು ಅಥವಾ ವರ್ಷಕ್ಕೆ ಮೂರು ಸಲ ಬಂದರೆ ಅದನ್ನು ಮರುಕಳಿಸೋ ಸೋಂಕು ಅಂತಲೇ ಹೇಳೋದು. ನೀವೂ ಆ ಲೆಕ್ಕಕ್ಕೆ ಬಂದಿದ್ದೀರಿ, ಅಂಗಡಿ ಗುಳಿಗೆ ಸಾಕು ಮಾಡಿ. ಉರಿ ಶುರುವಾದ ತಕ್ಷಣ, ಗುಳಿಗೆಗೆ ಮೊದಲು, ಕಲ್ಚರ್‌ಗೆ ಕೊಡಿ. ಮೊದಲ ಸ್ವಲ್ಪ ಬಿಟ್ಟು ನಡುವಿನದನ್ನು ಲ್ಯಾಬ್‌ನವರ ಡಬ್ಬಿಗೇ ಹಿಡಿಯಿರಿ. ಉರಿ ಇಲ್ಲದಾಗ ಸುಮ್ನೆ ಟೆಸ್ಟ್ ಮಾಡಿಸಬೇಡಿ, ಬಸುರಿಯರ ಮಾತು ಬೇರೆ. ನೀರು ಕಡಿಮೆ ಕುಡಿಯೋರಾದರೆ ದಿನಕ್ಕೆ ಒಂದೂವರೆ ಲೀಟರ್ ಜಾಸ್ತಿ ಮಾಡಿ, 2018ರ ಒಂದು ಅಧ್ಯಯನದಲ್ಲಿ ಇಷ್ಟರಿಂದಲೇ ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಗಂಡನ ಜೊತೆ ಮಲಗಿದ ಮೇಲೆ ಒಂದು ಸಲ ಮೂತ್ರಕ್ಕೆ ಹೋಗಿ ಬನ್ನಿ, ಇದರಲ್ಲಿ ನಾಚಿಕೆ ಏನಿದೆ? ಮುಟ್ಟು ನಿಂತಿದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೆ ಯೋನಿಯೊಳಗೆ ಹಚ್ಚೋ ಈಸ್ಟ್ರೊಜೆನ್ (ಹೆಣ್ಣು ಹಾರ್ಮೋನು) ಕ್ರೀಮ್ ಇದೆ, ನಮ್ಮಕ್ಕನಿಗೆ ಅದರಿಂದಲೇ ನಿಂತಿದ್ದು. ಚಳಿಜ್ವರ, ಸೊಂಟನೋವು ಬಂದರಂತೂ ಅವತ್ತೇ ಆಸ್ಪತ್ರೆಗೆ ಹೋಗಿ.

ಆಮೇಲೆ ನಾನು ಯೂನಿಟ್‌ಗೆ ವಾಪಸ್ ಹೋದ ದಿನವೇ ನನ್ನ ದುಡ್ಡಲ್ಲೇ ಚಿಲಕ ತಂದು ಹಾಕಿಸಿದೆ. ಮಾಲೀಕರು ಬಿಲ್ ಕೇಳಲೂ ಇಲ್ಲ, ದುಡ್ಡು ಕೊಡಲೂ ಇಲ್ಲ.