ಬಾಗಿಲಿಲ್ಲದ ಜೀಪಿಗೆ ಸೈಡ್ ಮಿರರ್ ಎಲ್ಲಿ ಕೂರಿಸುವುದು?

ನೀವು ಕೇಳಿದ್ದು ಇಷ್ಟು: ಕಾಸರಗೋಡಿನ ಮುಳ್ಳೇರಿಯ ಕಡೆ ತೋಟದ ಕೆಲಸಕ್ಕೆಂದು ಹಳೆಯ ಮಹೀಂದ್ರಾ ಎಂಎಂ 540 ತಗೊಂಡಿದ್ದೀರಿ, ಬಾಗಿಲಿಲ್ಲ, ಇದ್ದ ಮಿರರ್ ತುಕ್ಕು ಹಿಡಿದು ಮುರಿದಿದೆ. ಹೊಸತನ್ನು ಮೇಲಿನ ಟಾರ್ಪಾಲು ಹೂಡಿನ ಪೈಪಿಗೆ ಕ್ಲಾಂಪ್ ಮಾಡುವುದೋ, ಎದುರು ಗ್ಲಾಸಿನ ಫ್ರೇಮಿಗೆ ತೂತು ಕೊರೆಯುವುದೋ, ಯಾವುದು ಅಲುಗುವುದಿಲ್ಲ?

ನನ್ನನ್ನು ಕೇಳಿದರೆ ಎರಡೂ ಬೇಡ. ಗ್ಲಾಸಿನ ಫ್ರೇಮನ್ನು ಮುಂದಕ್ಕೆ ಮಡಚಲು ಕೆಳಗೆ ಎರಡು ಬದಿಯಲ್ಲೂ ಬಿಜಾಗ್ರಿ ಇದೆಯಲ್ಲ, ಅದರ ಬೋಲ್ಟಿಗೇ ಬ್ರಾಕೆಟ್ ಕೊಡಿಸಿ. ಆ ಜಾಗದಲ್ಲಿ ತಗಡು ಗಟ್ಟಿ, ತೂತು ಮೊದಲೇ ಇದೆ, ಬಾಡಿಯ ಅಂಚಿಗೂ ಹತ್ತಿರ. ಹೂಡಿನ ಪೈಪು ಸಪುರ. ಅದಕ್ಕೆ ಕ್ಲಾಂಪ್ ಹಾಕಿದರೆ ಮಿರರ್ ಹೊರಗೆ ಬರಲು ಉದ್ದದ ಸರಳು ಬೇಕಾಗುತ್ತದೆ, ಸರಳು ಉದ್ದವಾದಷ್ಟೂ ತುದಿಯಲ್ಲಿ ನಡುಕ ಜಾಸ್ತಿ. ಪ್ಯೂಜೋ ಡೀಸೆಲ್ ಎಂಜಿನ್ ಐಡ್ಲಿಂಗಿನಲ್ಲಿ ಇಡೀ ಗಾಡಿಯನ್ನು ಹೇಗೆ ಅಲ್ಲಾಡಿಸುತ್ತದೆ ಎಂದು ನಿಮಗೀಗ ಗೊತ್ತಾಗಿರಬೇಕು. ಇನ್ನು ಫ್ರೇಮಿಗೆ ತೂತು ಕೊರೆದರೆ ನಮ್ಮ ಮಳೆಗಾಲದ ನೀರು ಟೊಳ್ಳಿನೊಳಗೆ ಇಳಿಯುತ್ತದೆ. ಹೊರಗಿನ ಪೇಂಟು ಚಂದವೇ ಇರುತ್ತದೆ, ಒಳಗಿಂದ ತುಕ್ಕು ತಿನ್ನುತ್ತಾ ಬಂದು ಒಂದು ದಿನ ಗ್ಲಾಸಿನ ರಬ್ಬರ್ ಪಕ್ಕದಲ್ಲಿ ಪೇಂಟು ಉಬ್ಬುತ್ತದೆ. ಆಮೇಲೆ ಫ್ರೇಮನ್ನೇ ಬದಲಿಸಬೇಕು.

ಬೋಲ್ಟು ಬಿಚ್ಚುವ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಮರುದಿನ ಸ್ಪಾನರ್ ಹಾಕಿದಾಗ ಬಿಗಿಯೆನಿಸಿದರೆ ಜೋರು ಮಾಡಬೇಡಿ, ಸ್ವಲ್ಪ ಬಿಗಿ ಮಾಡುವ ಕಡೆಗೆ ತಿರುಗಿಸಿ ಮತ್ತೆ ಸಡಿಲಿಸಿ, ಹಾಗೆ ಹಿಂದೆ ಮುಂದೆ ಮಾಡಿದರೆ ಬರುತ್ತದೆ. ಹಠ ಮಾಡಿ ತಿರುಗಿಸಿದರೆ ತಲೆ ಕೈಗೆ ಬಂದು ಬುಡ ಒಳಗೇ ಉಳಿಯುತ್ತದೆ, ಅದನ್ನು ತೆಗೆಯುವುದು ಮಿರರ್ ಹಾಕುವುದಕ್ಕಿಂತ ದೊಡ್ಡ ಕೆಲಸ. ಎರಡು ಬದಿಯ ಬೋಲ್ಟುಗಳನ್ನು ಒಟ್ಟಿಗೆ ತೆಗೆಯಲೇಬೇಡಿ, ಫ್ರೇಮು ಜಾರುತ್ತದೆ. ಒಂದು ತೆಗೆದು, ಬ್ರಾಕೆಟ್ ಇಟ್ಟು, ಅದನ್ನು ಬಿಗಿ ಮಾಡಿದ ಮೇಲೆ ಮುಂದಿನದು.

ಬ್ರಾಕೆಟಿನ ದಪ್ಪದಷ್ಟು ಉದ್ದ ಜಾಸ್ತಿಯಿರುವ ಬೋಲ್ಟು ಬೇಕು. ಹಳೆಯದನ್ನೇ ಕಿಸೆಯಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಬಾಯಿಲೆಕ್ಕದಲ್ಲಿ ತರಬೇಡಿ. ಇಂಥ ಜೀಪುಗಳಲ್ಲಿ ಇಂಚಿನ ತ್ರೆಡ್ಡೂ ಇರುತ್ತದೆ, ಮಿಲಿಮೀಟರಿನದೂ ಇರುತ್ತದೆ, ಕೈಗೆ ಎರಡೂ ಒಂದೇ ಥರ ಕಾಣುತ್ತವೆ. ಬ್ರಾಕೆಟ್ ಅಂದರೆ ದೊಡ್ಡ ವಿದ್ಯೆ ಏನಲ್ಲ. ದಪ್ಪದ ಕಬ್ಬಿಣದ ಪಟ್ಟಿ, ಒಂದು ತುದಿಯಲ್ಲಿ ಬಿಜಾಗ್ರಿಯ ತೂತಿಗೆ ಸರಿಯಾಗಿ ತೂತು, ಇನ್ನೊಂದು ತುದಿಯಲ್ಲಿ ಮಿರರ್ ಸರಳು ಕೂರುವ ಜಾಗ. ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಯಾವ ವೆಲ್ಡಿಂಗ್ ಶಾಪಿನವರಾದರೂ ಮಾಡಿಕೊಡುತ್ತಾರೆ. ಒಂದೇ ಬೋಲ್ಟಿನ ಮೇಲೆ ನಿಲ್ಲಿಸಬೇಡಿ ಎಂದು ಅವರಲ್ಲಿ ಹೇಳಿ, ಎರಡಾದರೂ ಹಿಡಿಯಬೇಕು, ಇಲ್ಲದಿದ್ದರೆ ಬ್ರಾಕೆಟ್ಟೇ ತಿರುಗುತ್ತದೆ. ತುಕ್ಕು ತಡೆಯುವ ರೆಡ್ ಆಕ್ಸೈಡ್ ಹೊಡೆದು ಮೇಲೆ ಪೇಂಟು, ಬಾಡಿಗೆ ತಾಗುವಲ್ಲಿ ತೆಳು ರಬ್ಬರ್, ನಟ್ಟು ನೈಲಾನ್ ಲಾಕಿನದು.

ಮಿರರ್ ಯಾವುದು ಎಂದರೆ, ಆನ್‌ಲೈನಿನಲ್ಲಿ ಚಂದ ಕಾಣುವ ಉರುಟು ಸಣ್ಣ ಮಿರರುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅದರಲ್ಲಿ ಹಿಂದಿನ ಲಾರಿ ಬಟಾಣಿಯಷ್ಟು ಕಾಣುತ್ತದೆ. ಟೆಂಪೋಗಳಿಗೆ ಹಾಕುವ ಚೌಕದ ಮಿರರ್ ಎಲ್ಲ ಸ್ಪೇರ್‌ಪಾರ್ಟ್ಸ್ ಅಂಗಡಿಗಳಲ್ಲೂ ಸಿಗುತ್ತದೆ, ಒಡೆದರೆ ಅದೇ ದಿನ ಇನ್ನೊಂದು ತರಬಹುದು. ಗ್ಲಾಸು ಸ್ವಲ್ಪ ಉಬ್ಬಿದ್ದಾದರೆ ಹೆಚ್ಚು ಜಾಗ ಕಾಣುತ್ತದೆ, ಆದರೆ ಹಿಂದಿನ ಗಾಡಿ ಇರುವುದಕ್ಕಿಂತ ದೂರ ಇದ್ದಂತೆ ತೋರುತ್ತದೆ. ನಾನಾದರೆ ಎಡಕ್ಕೆ ಉಬ್ಬಿದ್ದು, ಬಲಕ್ಕೆ ಆದಷ್ಟು ಚಪ್ಪಟೆಯದು ಹಾಕುತ್ತೇನೆ. ಓವರ್‌ಟೇಕಿಗೆ ಬಲಕ್ಕೆ ತೆಗೆಯುವಾಗ ದೂರದ ಅಂದಾಜು ತಪ್ಪಬಾರದು.

ಬಲದ್ದೊಂದೇ ಸಾಕು ಎನ್ನುವವರು ಸಿಕ್ಕಾರು. ಒಪ್ಪಬೇಡಿ. ಹಿಂದೆ ಜನ ಕೂತರೆ ಅಥವಾ ಅಡಕೆ ಚೀಲ ಹೇರಿದರೆ ಒಳಗಿನ ಮಿರರಿನಲ್ಲಿ ಅವೇ ಕಾಣುವುದು, ರಸ್ತೆಯಲ್ಲ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾದ ಮೇಲಂತೂ ನಮ್ಮಂಥ ನಿಧಾನದ ಗಾಡಿಯನ್ನು ಎಡದಿಂದಲೂ ದಾಟಿಕೊಂಡು ಹೋಗುತ್ತಾರೆ. ಸರ್ವಿಸ್ ರಸ್ತೆಗೆ ಇಳಿಯುವಾಗ ಎಡದ ಮಿರರ್ ಇಲ್ಲದೆ ಸ್ಕೂಟರಿನವರು ಗೊತ್ತೇ ಆಗುವುದಿಲ್ಲ.

ಎಡದ್ದನ್ನು ಕೂರಿಸುವುದರಲ್ಲೇ ಕೈಚಳಕ ಇರುವುದು. ಸರಳು ಗ್ಲಾಸಿಗಿಂತ ಮುಂದಕ್ಕೆ ಚಾಚಿದರೆ ಅದನ್ನು ಎದುರು ಗ್ಲಾಸಿನ ಮೂಲೆಯಿಂದ ನೋಡಬೇಕಾಗುತ್ತದೆ. ಆ ಮೂಲೆಗೆ ವೈಪರ್ ಮುಟ್ಟುವುದಿಲ್ಲ, ಆಟಿ ತಿಂಗಳ ಮಳೆಯಲ್ಲಿ ಮಿರರ್ ಇದ್ದೂ ಇಲ್ಲದಂತೆ. ಸರಳು ಸ್ವಲ್ಪ ಹಿಂದಕ್ಕೆ ಬಾಗಿದ್ದರೆ ಬಾಗಿಲಿಲ್ಲದ ಖಾಲಿ ಜಾಗದಿಂದ ನೇರವಾಗಿ ಕಾಣುತ್ತದೆ. ಎಡಕ್ಕೆ ಕೂತವರ ಮೊಣಕಾಲಿಗಿಂತ ಮೇಲಿರಬೇಕು, ಹತ್ತಿ ಇಳಿಯುವಾಗ ಭುಜಕ್ಕೆ ತಾಗಬಾರದು. ಆದ್ದರಿಂದ ಬಿಗಿ ಮಾಡುವ ಮೊದಲು ನೀವು ಸ್ಟೇರಿಂಗ್ ಹಿಡಿದು ಕೂತು, ಮನೆಯವರನ್ನೋ ಕೆಲಸದವರನ್ನೋ ಎಡಕ್ಕೆ ಕೂರಿಸಿ ನೋಡಿ. ಮಳೆಗಾಲದಲ್ಲಿ ಸೈಡ್ ಕರ್ಟನ್ ಕಟ್ಟುವವರಾದರೆ ಅದನ್ನೂ ಕಟ್ಟಿ ನೋಡಿ, ಪ್ಲಾಸ್ಟಿಕ್ಕಿನ ಕಿಟಕಿಗೆ ಸರಿಯಾಗಿ ಬರಬೇಕು.

ಹೊಂದಿಸುವಾಗ ಗಾಡಿ ಸಮತಟ್ಟಿನಲ್ಲಿರಲಿ. ನಿಮ್ಮ ಬಾಡಿಯ ಅಂಚು ಒಂದು ಎಳೆಯಷ್ಟು ಕಂಡರೆ ಸಾಕು, ಉಳಿದದ್ದೆಲ್ಲ ರಸ್ತೆಗೆ. ಆಮೇಲೆ ಹಿಂದೆ ಒಂದು ಗಾಡಿ ನಿಲ್ಲಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಮಿರರಿನಲ್ಲಿ ಅದರ ನಂಬರ್ ಪ್ಲೇಟ್ ನೋಡಿ. ಅಂಕಿಗಳು ತಿರುಗುಮುರುಗಾದರೂ ಒಂದೊಂದಾಗಿ ಎಣಿಸಲು ಬಂದರೆ ಕೆಲಸ ಪಾಸು. ಬಿಳಿ ಪಟ್ಟಿ ಮಾತ್ರ ಕಂಡರೆ ಸರಳು ಗಿಡ್ಡ ಮಾಡಿಸಿ ಅಥವಾ ದಪ್ಪದ್ದು ಹಾಕಿಸಿ. ಮಿರರ್ ಬದಲಿಸಿ ಪ್ರಯೋಜನವಿಲ್ಲ.

ಸರಳಿನ ಬುಡವನ್ನು ಮಾತ್ರ ತೀರಾ ಬಿಗಿ ಮಾಡಬೇಡಿ. ಕೈಯಲ್ಲಿ ಜೋರಾಗಿ ತಳ್ಳಿದರೆ ಒಳಕ್ಕೆ ಮಡಚಬೇಕು, ಗಾಳಿಗೆ ಮಡಚಬಾರದು, ಅಲ್ಲಿಗೆ ಸ್ಪ್ರಿಂಗ್ ವಾಶರ್ ಹಾಕಿಸಿ. ಮುರಕಲ್ಲು ಕಡಿದು ಮಾಡಿದ ನಮ್ಮ ತೋಟದ ದಾರಿಗಳಲ್ಲಿ ಎರಡು ಬದಿಯೂ ಗೋಡೆ, ಎದುರಿನಿಂದ ಪಿಕಪ್ ಬಂದರೆ ಮಿರರ್ ಮಡಚದೆ ಬೇರೆ ದಾರಿಯಿಲ್ಲ ಮಾರಾಯ್ರೆ.

ಕಾನೂನಿನ ಹೆದರಿಕೆ ಹಾಕುವವರೂ ಇರುತ್ತಾರೆ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ತಡೆಯುವುದು ಆರ್‌ಸಿಯಲ್ಲಿರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು. ಮುರಿದ ಮಿರರಿನ ಜಾಗಕ್ಕೆ ಇನ್ನೊಂದು ಹಾಕುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಮಿರರ್ ಇಲ್ಲದೆ ಹೋದರೆ ಮಾತ್ರ ತೊಂದರೆ: 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಗಾಡಿಯನ್ನು ಪರೀಕ್ಷೆಗೆ ತೋರಿಸುವಾಗ ಮಿರರ್ ಸರಿಯಾಗಿ ಇರಲಿ. ಚೂಪು ಅಂಚು ಹೊರಗೆ ಬಾರದಂತೆ ಅರೆದು ಉರುಟು ಮಾಡಿಸಿ.

ರ‍್ಯಾಂಗ್ಲರಿನಂಥ ಬಾಗಿಲು ಕಳಚಬಹುದಾದ ಜೀಪಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮಿರರ್ ಬಾಗಿಲಲ್ಲೇ ಇರುವುದರಿಂದ ಬಾಗಿಲು ತೆಗೆದರೆ ಅದೂ ಹೋಗುತ್ತದೆ. ಬಾಡಿಯಲ್ಲಿ ಉಳಿಯುವ ಬಾಗಿಲಿನ ಬಿಜಾಗ್ರಿಯ ತೂತಿಗೆ ಪಿನ್ ಇಳಿಸಿ ಬಿಗಿ ಮಾಡುವ ಮಿರರ್ ಸಿಗುತ್ತದೆ, ಅದು ಹಾಕಿ. 540ಕ್ಕೆ ಅದು ಆಗುವುದಿಲ್ಲ.

ಮೊದಲ ಸಲ ಗುಡ್ಡೆ ದಾರಿಯಲ್ಲಿ ಹೋಗಿ ಬಂದ ಮೇಲೆ ಎಲ್ಲ ನಟ್ಟುಗಳಿಗೂ ಒಮ್ಮೆ ಸ್ಪಾನರ್ ಹಾಕಿ. ಮುಂದೆ ಫೈಬರ್ ಬಾಗಿಲು ಹಾಕಿಸುವ ಅಂದಾಜಿದ್ದರೆ ವೆಲ್ಡಿಂಗಿನವರಲ್ಲಿ ಈಗಲೇ ಹೇಳಿ, ಬಾಗಿಲು ತೆರೆದಾಗ ಬ್ರಾಕೆಟಿಗೆ ತಾಗದಷ್ಟು ಜಾಗ ಬಿಟ್ಟು ಪಟ್ಟಿ ಬಗ್ಗಿಸುತ್ತಾರೆ.