ಭಯೋತ್ಪಾದನೆ ತಡೆಯುವ ಕೆಲಸದಲ್ಲಿ ಯುವಜನರಿಗೆ ನಿಜವಾಗಿ ಜಾಗ ಇದೆಯಾ?

ನಿಮ್ಮ ಪ್ರಶ್ನೆ ಇದು: ಭಯೋತ್ಪಾದನೆ ವಿರುದ್ಧ ದೇಶದೇಶಗಳು ಸೇರಿ ಮಾಡುವ ಕೆಲಸದಲ್ಲಿ ಯುವಜನರ ಮಾತು ನಡೆಯುತ್ತದಾ, ಇಲ್ಲ ಸುಮ್ನೆ ಫೋಟೋಗೆ ಕೂರಿಸ್ತಾರಾ?

ಎರಡೂ ಇದೆ. ಫೋಟೋಗೆ ಕೂರಿಸುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಇದೇ ವಿಷಯದ ಮೇಲೆ ಎರಡು ದಿನದ ಸಭೆ. ಯುವಜನರಿಗೆ ಮಾತಾಡಲು ಸಿಕ್ಕಿದ್ದು ಕೊನೆಯ ದಿನ ಸಂಜೆ, ತಲಾ ಮೂರು ನಿಮಿಷ. ಅಷ್ಟು ಹೊತ್ತಿಗೆ ಶಿಫಾರಸುಗಳ ಪುಸ್ತಿಕೆ ಅಚ್ಚಾಗಿ ಬಾಗಿಲ ಬಳಿಯ ಮೇಜಿನ ಮೇಲೆ ಕೂತಿತ್ತು! ಒಬ್ಬ ಹುಡುಗಿ ಬರೆದುಕೊಂಡು ಬಂದಿದ್ದ ನಾಲ್ಕು ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಅದರಲ್ಲಿ ಏನಿದೆ ಅಂತ ನಾನು ಕೇಳಿದೆ.

ಆನ್‌ಲೈನ್ ಆಟಗಳ ಚಾಟ್‌ನಲ್ಲಿ ಹುಡುಗರನ್ನು ಹೇಗೆ ಸೆಳೆಯುತ್ತಾರೆ ಅಂತ ಬರೆದಿದ್ದಳು. ಮೊದಲು ಒಂದು ತಮಾಷೆಯ ಮೀಮ್ ಹಾಕುತ್ತಾರೆ. ಯಾರು ಜಾಸ್ತಿ ನಗುತ್ತಾರೆ ಅಂತ ನೋಡುತ್ತಾರೆ. ನಕ್ಕವರನ್ನು ಇನ್ನೊಂದು ಗುಂಪಿಗೆ ಕರೆಯುತ್ತಾರೆ. ಅಲ್ಲಿ ಶುರುವಾಗುವುದು ಸಿದ್ಧಾಂತದ ಪಾಠ ಅಲ್ಲ. "ನಿನ್ನ ಕಷ್ಟ ಮನೆಯವರಿಗೆ ಅರ್ಥ ಆಗಲ್ಲ, ನಮಗೆ ಆಗುತ್ತೆ" ಅನ್ನುವ ಮಾತು. ಸಭೆಯಲ್ಲಿದ್ದ ಹಿರಿಯರು ಯಾರೂ ಎರಡು ದಿನದಲ್ಲಿ ಇದರ ಹತ್ತಿರಕ್ಕೂ ಬಂದಿರಲಿಲ್ಲ. ಯುವಜನರು ಬೇಕಾಗಿರುವುದು ಇದಕ್ಕೇ ಅಲ್ವಾ?

ಕಾಗದದ ಮೇಲೆ ದಾರಿ ಚೆನ್ನಾಗಿಯೇ ಇದೆ. 2015ರ ಡಿಸೆಂಬರ್‌ನಲ್ಲಿ, ಜೋರ್ಡಾನ್ ಮುಂದಾಳತ್ವದಲ್ಲಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2250ನೇ ನಿರ್ಣಯ ಅಂಗೀಕರಿಸಿತು. 18ರಿಂದ 29 ವರ್ಷದವರು ಶಾಂತಿ ಕಾಪಾಡುವ ಕೆಲಸದಲ್ಲಿ ಪಾಲುದಾರರು ಅಂತ ಮಂಡಳಿ ಮೊದಲ ಬಾರಿ ಒಂದು ಇಡೀ ನಿರ್ಣಯದಲ್ಲಿ ಹೇಳಿದ್ದು ಆಗಲೇ. ನಿರ್ಧಾರಗಳಲ್ಲಿ ಅವರನ್ನು ಸೇರಿಸಿಕೊಳ್ಳಿ, ಅವರಿಗೆ ರಕ್ಷಣೆ ಕೊಡಿ, ಹಿಂಸೆಯ ದಾರಿ ಬಿಟ್ಟು ಬಂದವರಿಗೆ ಮತ್ತೆ ಬದುಕು ಕಟ್ಟಿಕೊಳ್ಳಲು ನೆರವಾಗಿ ಅಂತೆಲ್ಲ ಅದರಲ್ಲಿದೆ. ಆ ನಿರ್ಣಯದ ಮೇರೆಗೆ ನಡೆದ ಅಧ್ಯಯನ 2018ರಲ್ಲಿ ಹೊರಬಂತು. ಬಹುಪಾಲು ಯುವಜನರಿಗೂ ಹಿಂಸೆಗೂ ಸಂಬಂಧವೇ ಇಲ್ಲ, ಆದರೂ ಸರ್ಕಾರಗಳು ಅವರನ್ನು ಅಪಾಯ ಅಂತಲೇ ನೋಡುತ್ತಿವೆ ಅಂತ ಅದು ನೇರವಾಗಿ ಹೇಳಿತು. ನನ್ನ ಮಟ್ಟಿಗೆ ಇದೇ ದೊಡ್ಡ ತೊಡಕು. ಅನುಮಾನದಿಂದ ನೋಡುವವರ ಹತ್ತಿರ ಯಾರು ತಾನೇ ಮನಸ್ಸು ಬಿಚ್ಚಿ ಮಾತಾಡುತ್ತಾರೆ?

ಒಳಗಿನವರ ಭಾಷೆ ಗೊತ್ತಿದ್ದರೆ ಏನು ಸಾಧ್ಯ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಜರ್ಮನಿಯದು. ಅಲ್ಲಿ ಎಕ್ಸಿಟ್ ಡಾಯ್ಚ್‌ಲಾಂಡ್ ಅಂತ, ಬಲಪಂಥೀಯ ಉಗ್ರರ ಗುಂಪು ಬಿಟ್ಟು ಬರುವವರಿಗೆ ನೆರವಾಗುವ ಒಂದು ಸಂಸ್ಥೆ ಇದೆ. ಕಟ್ಟಿದವರಲ್ಲಿ ಒಬ್ಬರು ಮಾಜಿ ಪೊಲೀಸ್ ಅಧಿಕಾರಿ, ಇನ್ನೊಬ್ಬರು ನವನಾಜಿ, ಅಂದರೆ ಹಿಟ್ಲರನ ಸಿದ್ಧಾಂತವನ್ನು ಇವತ್ತಿಗೂ ಹಿಡಿದುಕೊಂಡಿರುವ ಗುಂಪಿನ ನಾಯಕರಾಗಿದ್ದು ಅದನ್ನು ಬಿಟ್ಟು ಬಂದವರು. 2011ರಲ್ಲಿ ಗೇರಾ ಊರಿನ ಒಂದು ಬಲಪಂಥೀಯ ಉಗ್ರರ ಸಂಗೀತ ಮೇಳದಲ್ಲಿ ಈ ಸಂಸ್ಥೆಯವರು ಹೆಸರು ಹೇಳದೆ 250 ಟೀ ಶರ್ಟ್ ಹಂಚಿಸಿದರು. ಮೇಲೆ ತಲೆಬುರುಡೆಯ ಚಿತ್ರ. ಹುಡುಗರು ಖುಷಿಯಿಂದ ಒಯ್ದರು. ಮನೆಗೆ ಹೋಗಿ ಒಗೆದಾಗ ಆ ಚಿತ್ರ ಅಳಿಸಿಹೋಗಿ ಅಡಿಯಿಂದ ಬೇರೆ ಅಕ್ಷರ ಎದ್ದು ಬಂತು: ನಿನ್ನ ಟೀ ಶರ್ಟ್‌ಗೆ ಸಾಧ್ಯವಾದದ್ದು ನಿನಗೂ ಸಾಧ್ಯ, ಹೊರಬರಲು ನಾವು ಸಹಾಯ ಮಾಡುತ್ತೇವೆ. ಒಬ್ಬನೇ ಇರುವಾಗ, ಗೆಳೆಯರು ಯಾರೂ ನೋಡದಿರುವಾಗ ಓದಿಕೊಳ್ಳುವ ಮಾತು ಅದು. ಯಾವ ಭಾಷಣಕ್ಕೆ ಆ ಜಾಗ ಸಿಗುತ್ತದೆ ಹೇಳಿ.

ನಿಮಗೆ ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಉತ್ಸಾಹದಲ್ಲಿ ನೀವೇ ಅಂಥ ಗುಂಪುಗಳ ಒಳಗೆ ಹೋಗಿ ಪತ್ತೆ ಮಾಡಲು ಹೊರಡಬೇಡಿ. ಅಪಾಯ ಬರುವುದು ಎರಡು ಕಡೆಯಿಂದ, ಗುಂಪಿನವರಿಂದಲೂ ಕಾನೂನಿನಿಂದಲೂ. ದಾಳಿಯ ವಿಡಿಯೋ ಕಂಡರೆ ಖಂಡಿಸುವ ನೆಪದಲ್ಲೂ ಯಾರಿಗೂ ಕಳಿಸಬೇಡಿ, ರಿಪೋರ್ಟ್ ಮಾಡಿ ಬಿಡಿ. 2019ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನು ಅದನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ್ದ. ಮೊದಲ 24 ಗಂಟೆಯಲ್ಲೇ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದ್ದಾಗಿ ಕಂಪನಿ ಹೇಳಿತು. ಅಷ್ಟೂ ಪ್ರತಿಗಳನ್ನು ಹಾಕಿದವರು ಕೊಲೆಗಾರನ ಕಡೆಯವರೇ ಆಗಿರಲಾರರು.

ಇನ್ನು ಯಾವುದಾದರೂ ಸಭೆಗೆ ಕರೆ ಬಂದರೆ ಮೊದಲು ಇಷ್ಟು ಕೇಳಿ: ಶಿಫಾರಸುಗಳ ಕರಡು ಆಗಲೇ ಬರೆದಾಗಿದೆಯಾ? ನಾನು ಹೇಳಿದ್ದು ಯಾವ ಪುಟದಲ್ಲಿ ಸೇರುತ್ತದೆ? ನನ್ನ ಹೆಸರು, ಫೋಟೋ ಹೊರಗೆ ಹಾಕುವ ಮುಂಚೆ ನನ್ನನ್ನು ಕೇಳ್ತೀರಾ? ಸರಿಯಾದ ಉತ್ತರ ಬಂದರೆ ಹೋಗಿ, ಬರೆದುಕೊಂಡೇ ಹೋಗಿ. ಆ ಹುಡುಗಿಯ ನಾಲ್ಕು ಹಾಳೆ ಬ್ಯಾಗಿನಲ್ಲೇ ಉಳಿಯಿತಲ್ಲ ಅಂತ ನನಗೆ ಇವತ್ತಿಗೂ ಸಂಕಟ ಆಗುತ್ತದೆ.