ಹತ್ತು-ಹನ್ನೆರಡು ನಿಮಿಷಕ್ಕೆ ಒಂದಿಡೀ ಬೇಸಿಗೆ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಡ್ರಮ್ ಕೋರ್, ಅಂದರೆ ಮೈದಾನದಲ್ಲಿ ನಡೆಯುತ್ತ ಬಾರಿಸಿ ಸ್ಪರ್ಧಿಸುವ ಬ್ಯಾಂಡ್ ತಂಡಗಳ ಬಗ್ಗೆ ಎರಡು ಸಾಲು ಬರೆದಿದ್ದೆ. ಹಾಸನ, ಚಿಕ್ಕಮಗಳೂರು ಕಡೆಯಿಂದ ಸಾಲು ಸಾಲು ಪ್ರಶ್ನೆ ಬಂದಿವೆ. ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಮಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮನೆಗೆ ಬಂದರೆ ರಾತ್ರಿಯೆಲ್ಲ ಡ್ರಮ್ ಬಾರಿಸುವವರ ವಿಡಿಯೊ ನೋಡುತ್ತಾನೆ. ಕೇಳಿದರೆ ಸೀಸನ್ ನಡೀತಿದೆ ಅನ್ನುತ್ತಾನೆ. ಬ್ಯಾಂಡ್ ಸೆಟ್ಟಿಗೂ ಸೀಸನ್ ಇರುತ್ತದಾ?
- ತಾಯಿ, ಸಕಲೇಶಪುರ

ಇರುತ್ತದೆ ತಾಯಿ. ನಮ್ಮ ಕಡೆ ಮಳೆ ಹಿಡಿದುಕೊಂಡಿರುವಾಗ ಅಲ್ಲಿ ಸುಡು ಬೇಸಿಗೆ, ಕಾಲೇಜಿಗೆ ರಜೆ. ಜೂನ್ ಕೊನೆಗೆ ಸ್ಪರ್ಧೆ ಶುರುವಾಗಿ ಆಗಸ್ಟ್ ಎರಡನೇ ಶನಿವಾರದ ಹೊತ್ತಿಗೆ ಫೈನಲ್ ಮುಗಿಯುತ್ತದೆ. ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಅವರ ಮೊದಲ ಚಾಂಪಿಯನ್‌ಷಿಪ್ ನಡೆದಿದ್ದು 1972ರಲ್ಲಿ. ಈಗ ಫೈನಲ್ ಇಂಡಿಯಾನಾಪೊಲಿಸ್ ನಗರದ ಲ್ಯೂಕಸ್ ಆಯಿಲ್ ಕ್ರೀಡಾಂಗಣದಲ್ಲಿ ಆಗುತ್ತದೆ. ದೊಡ್ಡ ತಂಡದಲ್ಲಿ 165 ಜನರ ತನಕ ಇರಬಹುದು. ಟ್ರಂಪೆಟ್, ಟ್ಯೂಬಾದಂಥ ಹಿತ್ತಾಳೆ ವಾದ್ಯಗಳು, ಹೆಗಲಿಗೆ ಹಾಕಿಕೊಂಡ ಡ್ರಮ್‌ಗಳು, ಮೈದಾನದ ಮುಂಭಾಗದಲ್ಲಿ ಮರದ ಪಟ್ಟಿಗಳ ಮೇಲೆ ಬಾರಿಸುವ ಮರಿಂಬಾ, ಬಾವುಟ ಬೀಸುತ್ತ ಕುಣಿಯುವ ಕಲರ್ ಗಾರ್ಡ್. ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗೆ ಜಾಗವಿಲ್ಲ.

ಆದರೆ ನಿಮ್ಮ ಮಗ ನಿದ್ದೆಗೆಟ್ಟು ನೋಡುವುದು ಇದಕ್ಕಲ್ಲ ಅನ್ನಿಸುತ್ತದೆ. ಒಂದು ತಂಡ ಇಡೀ ಬೇಸಿಗೆ ಒಂದೇ ಶೋ ಮಾಡುತ್ತದೆ. ಹತ್ತು-ಹನ್ನೆರಡು ನಿಮಿಷದ ಒಂದೇ ಒಂದು ಶೋ. ಅದಕ್ಕಾಗಿ ಮೇ ತಿಂಗಳಿಂದ ದಿನಕ್ಕೆ ಹತ್ತು ಗಂಟೆಗೂ ಜಾಸ್ತಿ ಅಭ್ಯಾಸ, ಒಂದು ದೊಡ್ಡ ನೀರಿನ ಜಗ್ ಪಕ್ಕದಲ್ಲಿಟ್ಟುಕೊಂಡು, ನೆರಳಿಲ್ಲದ ಮೈದಾನದಲ್ಲಿ. ಸಂಜೆ ಒಂದು ಊರಲ್ಲಿ ಶೋ ಮುಗಿಸಿ, ಸಾಮಾನು ಲಾರಿಗೆ ತುಂಬಿ, ರಾತ್ರಿಯೆಲ್ಲ ಬಸ್ಸಿನಲ್ಲಿ ಹೋಗಿ, ಬೆಳಗಿನ ಜಾವ ಇನ್ಯಾವುದೋ ಊರಿನ ಶಾಲೆಯ ಜಿಮ್ ನೆಲದ ಮೇಲೆ ಹಾಸಿಗೆ ಬಿಚ್ಚಿ ಒಂದಿಷ್ಟು ನಿದ್ದೆ ಮಾಡಿ, ಎದ್ದು ಮತ್ತೆ ಅದೇ ಹತ್ತು-ಹನ್ನೆರಡು ನಿಮಿಷವನ್ನು ತಿದ್ದುತ್ತಾರೆ. ಊಟ ತಂಡದ್ದೇ ಅಡುಗೆ ಲಾರಿಯಲ್ಲಿ.

ಅವರು ನಿಲ್ಲುವ ಜಾಗದ ಲೆಕ್ಕ ನೋಡಿ. ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ 5 ಗಜಕ್ಕೊಂದು ಗೆರೆ. ಗೆರೆಯಿಂದ ಗೆರೆಗೆ 8 ಹೆಜ್ಜೆ. ಅಂದರೆ ಹೆಜ್ಜೆಗೆ 22.5 ಇಂಚು. ಯಾವ ತಾಳಕ್ಕೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಪ್ರತಿಯೊಬ್ಬರೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು ಕೊರಳಿಗೆ ನೇತುಹಾಕಿಕೊಂಡಿರುತ್ತಾರೆ. ಆ ಜಾಗಕ್ಕೆ ಅವರು 'ಡಾಟ್' ಅನ್ನುತ್ತಾರೆ. ಒಬ್ಬ ಅರ್ಧ ಹೆಜ್ಜೆ ತಪ್ಪಿದರೂ ಮೇಲಿನ ಗ್ಯಾಲರಿಯಲ್ಲಿ ಕೂತವರಿಗೆ ಸಾಲು ಸೊಟ್ಟಗೆ ಕಾಣುತ್ತದೆ. ಮಗನ ಪಕ್ಕ ಕೂತು ಒಂದು ಶೋ ಪೂರ್ತಿ ನೋಡಿ ತಾಯಿ. ಆಮೇಲೆ ಬೈಯಿರಿ, ಬೇಕಾದರೆ.

ಪ್ರಶ್ನೆ: ನಾನು ಪಿಟಿ ಮೇಷ್ಟ್ರು. ಓಟ, ಜಿಗಿತವಾದರೆ ಅಳೆಯಬಹುದು. ಸಂಗೀತಕ್ಕೆ ದಶಮಾಂಶದಲ್ಲಿ ಅಂಕ ಕೊಡುವುದು ಹೇಗೆ ಸಾರ್?
- ಚಿಕ್ಕಮಗಳೂರು

ಒಟ್ಟು 100 ಅಂಕ. ಶೋ ಒಟ್ಟಾರೆ ಮನಸ್ಸಿಗೆ ಹೇಗೆ ಮುಟ್ಟಿತು ಅನ್ನುವುದಕ್ಕೆ 40, ಕಣ್ಣಿಗೆ ಕಾಣುವುದಕ್ಕೆ 30, ಸಂಗೀತಕ್ಕೆ 30. ಡ್ರಮ್‌ಗೆ, ಹಿತ್ತಾಳೆಗೆ, ಕಲರ್ ಗಾರ್ಡ್‌ಗೆ ಬೇರೆ ಬೇರೆ ತೀರ್ಪುಗಾರರು. ಅವರು ಶೋ ನಡೆಯುವಾಗಲೇ ರೆಕಾರ್ಡರ್‌ನಲ್ಲಿ ಮಾತಾಡುತ್ತ ಹೋಗುತ್ತಾರೆ: ಇಲ್ಲಿ ಸ್ನೇರ್ (ಸೈಡ್ ಡ್ರಮ್) ತಾಳಕ್ಕಿಂತ ಮುಂದೆ ಓಡಿತು, ಇಲ್ಲಿ ಸಾಲು ಚೆನ್ನಾಗಿ ಕೂಡಿತು ಅಂತ. ಆ ಧ್ವನಿ ತಂಡದ ಗುರುಗಳಿಗೆ ಸಿಗುತ್ತದೆ. ಅದನ್ನು ಕೇಳಿ ಅಭ್ಯಾಸದಲ್ಲಿ ತಿದ್ದುತ್ತಾರೆ. ಹಿಂದೆಲ್ಲ ಒಂದೊಂದು ತಪ್ಪಿಗೂ ಅಂಕ ಕಳೆಯುತ್ತಿದ್ದರು. 1980ರ ದಶಕದಲ್ಲಿ ಅದನ್ನು ಬಿಟ್ಟರು. ಕಷ್ಟದ್ದನ್ನು ಪ್ರಯತ್ನಿಸಿದವರಿಗೆ ಆಗ ನಷ್ಟವೇ ಆಗುತ್ತಿತ್ತಲ್ವಾ, ಬಿಟ್ಟಿದ್ದು ಒಳ್ಳೆಯದೇ ಆಯಿತು. 2008ರ ಫೈನಲ್‌ನಲ್ಲಿ ಫ್ಯಾಂಟಮ್ ರೆಜಿಮೆಂಟ್ ಗೆದ್ದಿದ್ದು ಬರೀ 0.025 ಅಂಕದಿಂದ. ಸೋತಿದ್ದು ಬ್ಲೂ ಡೆವಿಲ್ಸ್, ಎಲ್ಲರಿಗಿಂತ ಜಾಸ್ತಿ ಸಲ ಪ್ರಶಸ್ತಿ ಗೆದ್ದಿರುವ ತಂಡ.

ನೀವು ಪಿಟಿ ಮೇಷ್ಟ್ರು ಅಂದಿದ್ದಕ್ಕೆ ಒಂದು ಮಾತು ಹೇಳಲೇಬೇಕು. ನಮ್ಮ ಶಾಲೆಗಳಲ್ಲಿ ಜುಲೈ ಕೊನೆಗೆ ಬೀರುವಿನಿಂದ ಡ್ರಮ್ ಹೊರಗೆ ಬರುತ್ತದೆ, ಆಗಸ್ಟ್ 15ಕ್ಕೆ ಜಿಲ್ಲಾ ಕ್ರೀಡಾಂಗಣದಲ್ಲಿ ಒಂದು ಸುತ್ತು ಮಾರ್ಚ್ ಪಾಸ್ಟ್, 16ಕ್ಕೆ ಮತ್ತೆ ಬೀರು. ಮಕ್ಕಳ ಕೈ ಪಳಗುವ ಹೊತ್ತಿಗೆ ನಿಲ್ಲಿಸಿಬಿಡುತ್ತೇವೆ. ನನಗೆ ಇದು ನಿಜಕ್ಕೂ ನೋವಿನ ವಿಷಯ. ಹೊಸ ವಾದ್ಯ ಬೇಡ, ಹೊಸ ಯೂನಿಫಾರ್ಮ್ ಬೇಡ. ಒಂದೇ ಒಂದು ಐದು ನಿಮಿಷದ ಕಾರ್ಯಕ್ರಮ ಇಟ್ಟುಕೊಂಡು ಜೂನ್‌ನಿಂದ ಜನವರಿ 26ರ ತನಕ ವಾರಕ್ಕೆ ಎರಡು ದಿನ ಅದನ್ನೇ ತಿದ್ದಿ ನೋಡಿ. ಮಳೆ ಇದ್ದರೆ ಶಾಲೆಯ ಜಗಲಿಯೇ ಸಾಕು. ಅಭ್ಯಾಸವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಮಕ್ಕಳಿಗೇ ಕೇಳಿಸಿ. ಎಲ್ಲಿ ತಾಳ ಓಡಿತು ಅಂತ ಅವರೇ ಹೇಳುತ್ತಾರೆ.

ಪ್ರಶ್ನೆ: ನಾವು ವೀರಗಾಸೆಗೆ ಕರಡೆ, ಚಮಾಳ ಬಾರಿಸುವವರು. ಇವರ ಬಡಿತದಲ್ಲಿ ನಮಗೆ ಕಲಿಯುವಂಥದ್ದು ಏನಾದರೂ ಇದೆಯಾ?
- ಕಡೂರು

ಇದೆ ಅಣ್ಣ, ಅವರ ಬೇಸ್ ಡ್ರಮ್ ಸಾಲು ನೋಡಿ. ಸಾಮಾನ್ಯವಾಗಿ ಐದು ಜನ, ಐದು ಅಳತೆಯ ಡ್ರಮ್, ಐದು ಶ್ರುತಿ. ಒಂದು ವೇಗದ ಸುತ್ತನ್ನು ಐವರೂ ಹಂಚಿಕೊಳ್ಳುತ್ತಾರೆ. ಒಬ್ಬನಿಗೆ ಒಂದೋ ಎರಡೋ ಪೆಟ್ಟು. ಅವನ ಪೆಟ್ಟು ಬಿದ್ದ ಮರುಕ್ಷಣವೇ ಪಕ್ಕದವನದು ಬೀಳಬೇಕು. ಕಣ್ಣು ಮುಚ್ಚಿ ಕೇಳಿದರೆ ಒಬ್ಬನೇ ಬಾರಿಸಿದ ಹಾಗಿರಬೇಕು. ಅದೂ ನಡೆಯುತ್ತ, ಹಿಂದಕ್ಕೆ, ಅಡ್ಡಕ್ಕೆ. ನಿಮ್ಮಲ್ಲಿ ಒಡಪು ಹೇಳುವವನ ಉಸಿರು ನೋಡಿಕೊಂಡು ವಾದ್ಯ ನಿಲ್ಲುತ್ತದೆ, ಏಳುತ್ತದೆ. ಅದು ಅವರಲ್ಲಿಲ್ಲ. ಹುಡುಗರಿಗೆ ಎರಡನ್ನೂ ಕಲಿಸಿದರೆ ಎಷ್ಟು ಚೆನ್ನಾಗಿರುತ್ತದೆ ಅಂತ ನನಗೆ ಆಸೆ.

ಪ್ರಶ್ನೆ: ಮಗಳು ಶಾಲೆಯಲ್ಲಿ ಸೈಡ್ ಡ್ರಮ್ ಬಾರಿಸುತ್ತಾಳೆ. ಅಭ್ಯಾಸ ಮುಗಿಸಿ ಬಂದರೆ ಕಿವಿ ಗುಂಯ್ ಅನ್ನುತ್ತದೆ ಅನ್ನುತ್ತಾಳೆ.
- ಬೇಲೂರು

ತಡ ಮಾಡಬೇಡಿ, ಕಿವಿ ಡಾಕ್ಟರಿಗೆ ತೋರಿಸಿ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅನ್ನುವುದು ಲೆಕ್ಕ. 3 ಡೆಸಿಬಲ್ ಏರಿದ ಹಾಗೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಹೋದರೆ ಬರೀ 15 ನಿಮಿಷ. ಡ್ರಮ್ ಸಾಲಿನ ಮಧ್ಯೆ ನಿಂತವರಿಗೆ 100 ಸುಲಭವಾಗಿ ದಾಟುತ್ತದೆ. ಮೆಡಿಕಲ್ ಶಾಪಿನಲ್ಲಿ ಇಯರ್ ಪ್ಲಗ್ ಸಿಗುತ್ತದೆ, ಕೊಡಿಸಿ. ಮನೆಯಲ್ಲಿ ರಬ್ಬರ್ ಪ್ಯಾಡ್ ಮೇಲೆ ಬಾರಿಸಲಿ.

ಪ್ರಶ್ನೆ: ನನಗೆ 19. ಎನ್‌ಸಿಸಿ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದ್ದೇನೆ. ಅಲ್ಲಿಗೆ ಹೋಗಿ ಸೇರಬಹುದಾ?
- ಅರಸೀಕೆರೆ

ನಿಯಮದ ಪ್ರಕಾರ ಅಡ್ಡಿ ಇಲ್ಲ. ಜಪಾನಿನಿಂದೆಲ್ಲ ಬಂದು ಸೇರುತ್ತಾರೆ. ದೊಡ್ಡ ತಂಡಗಳಿಗೆ ವಯಸ್ಸಿನ ಮಿತಿ ಮಾತ್ರ ಗಟ್ಟಿ: ಆ ವರ್ಷದ ಜೂನ್ 1ರ ಮುಂಚೆ 22 ತುಂಬಿರಬಾರದು. ನಿನಗೆ ಸಮಯ ಕಮ್ಮಿ ಇದೆ ಮರಿ. ಆಯ್ಕೆ ಶುರುವಾಗುವುದು ಚಳಿಗಾಲದಲ್ಲಿ, ನವೆಂಬರ್-ಡಿಸೆಂಬರ್ ಹೊತ್ತಿಗೆ. ಎಷ್ಟೋ ತಂಡಗಳು ಮೊದಲ ಸುತ್ತಿಗೆ ವಿಡಿಯೊ ಒಪ್ಪುತ್ತವೆ.

ದುಡ್ಡಿನ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಅಲ್ಲಿ ಸಂಬಳ ಇಲ್ಲ, ಸೇರಿದವರೇ ಶುಲ್ಕ ಕಟ್ಟಬೇಕು. ಅದು ಸಾವಿರಾರು ಡಾಲರ್, ಅಂದರೆ ನಮ್ಮ ಲಕ್ಷಗಳಲ್ಲಿ. ವಿಮಾನ, ವೀಸಾ ಬೇರೆ. ತಂಡಗಳಿಗೂ ಸುಲಭ ಇಲ್ಲ. ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್‌ನಂಥ ತಂಡ 2023ರಲ್ಲಿ ಹಣದ ತೊಂದರೆಯಿಂದ ಇಡೀ ಸೀಸನ್ ಬಿಟ್ಟಿತ್ತು. 1934ರಲ್ಲಿ ಹುಟ್ಟಿದ ಕೆಡೆಟ್ಸ್ ತಂಡ 2024ರಲ್ಲಿ ಬಾಗಿಲು ಹಾಕಿತು. ಅದನ್ನು ಓದಿ ನನಗೂ ತುಂಬ ಬೇಜಾರಾಯಿತು. ಹಾಗಾಗಿ ಸಾಲ ಮಾಡಿ ಹೋಗು ಅಂತ ನಾನು ಹೇಳುವುದಿಲ್ಲ.

ಈಗ ಮಾಡಬೇಕಾದ್ದು ಇಷ್ಟು. ಒಂದು ಪ್ಯಾಡ್ ತಗೋ, ಫೋನಿಗೆ ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಕೊಡುವ ಆ್ಯಪ್) ಹಾಕಿಕೋ. ಕನ್ನಡಿ ಮುಂದೆ ನಿಂತು, ಎರಡೂ ಕಡ್ಡಿ ಒಂದೇ ಎತ್ತರಕ್ಕೆ ಏಳುತ್ತಿದೆಯಾ ನೋಡಿಕೊಂಡು ನಿಧಾನಕ್ಕೆ ಬಾರಿಸು. ಜೊತೆಗೆ ನಿಂತಲ್ಲೇ ಕಾಲಲ್ಲಿ ತಾಳ ಹಾಕು. ಮೂರು ತಿಂಗಳು ಬಿಟ್ಟು ವಿಡಿಯೊ ಮಾಡಿ ಪತ್ರಿಕೆಗೆ ಕಳಿಸು, ನೋಡಿ ಹೇಳುತ್ತೇನೆ.